ವಿಭೂತಿ ಹಚ್ಚಿದ ಫ್ಲಾಪಿ

ಗಂಗಾಧರಪ್ಪ ನೆಲಕ್ಕೆ ಮೊಣಕಾಲೂರಿ ಕಂಪ್ಯೂಟರಿನ ಬಾಯಿಗೆ ಟಾರ್ಚ್ ಬಿಟ್ಟರು. ಫ್ಲಾಪಿ ತೂರಿಸುವ ಸೀಳಿನ ಕೆಳತುಟಿಗೆ ಬೆಳ್ಳನೆಯ ಪುಡಿ ಮೆತ್ತಿಕೊಂಡಿತ್ತು.

ಬೆರಳ ತುದಿಯಲ್ಲಿ ಚೂರು ತೆಗೆದು ಮೂಸಿದರು. ಕೈ ತನ್ನಷ್ಟಕ್ಕೆ ತಾನೇ ಹಣೆಯ ಕಡೆ ಹೊರಟಿತ್ತು, ಅರ್ಧ ದಾರಿಯಲ್ಲಿ ತಡೆದರು. ಸಾಕ್ಷಿಯನ್ನೇ ಹಣೆಗೆ ಹಚ್ಚಿಕೊಂಡ ಪತ್ತೇದಾರ ಅಂತ ಊರು ಆಡಿಕೊಂಡು ನಗುತ್ತದೆ.

"ಏನಪ್ಪ ಕಿರಣ್‌ಕುಮಾರ, ನಿನ್ನ ಕಂಪ್ಯೂಟರು ಯಾವಾಗಿಂದ ವಿಭೂತಿ ಇಟ್ಕಳಾಕೆ ಶುರು ಮಾಡ್ತು?"

ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಎದುರು, ಮಹಡಿ ಮೇಲೆ ಇಂಟರ್‌ನೆಟ್ ಸೆಂಟರ್ ಇಟ್ಟುಕೊಂಡಿದ್ದ ಕಿರಣ್‌ಕುಮಾರ್ ನಗಲು ನೋಡಿದ. ನಗು ಮುಖಕ್ಕೆ ಸರಿಯಾಗಿ ಕೂರಲಿಲ್ಲ.

"ಧೂಳು ಸಾರ್. ಕೆಳಗೆ ರೋಡಾಗೆ ಅದಿರು ಲಾರಿ ಓಡಾಡ್ತಾವಲ್ಲ."

"ಅದಿರಿನ ಧೂಳು ಕೆಂಪಗಿರ್ತೈತೆ. ನನ್ನ ಅಂಗಿ ಕಾಲರ್ ನೋಡು, ಬೇಕಾದ್ರೆ. ಇದು ಬೆಳ್ಳಗೈತೆ."

"ಆಯುಧಪೂಜೆದು ಇರಬೇಕು, ಬಿಡ್ರಿ."

ಗಂಗಾಧರಪ್ಪ ಏಳುತ್ತಾ ಸೊಂಟ ಹಿಡಿದುಕೊಂಡರು. ಗೋಡೆಯ ಮೇಲೆ ೨೦೦೩ರ ಕ್ಯಾಲೆಂಡರಿನ ಪಕ್ಕ ರಂಗನಾಥಸ್ವಾಮಿಯ ಫೋಟೊ. ಅಂಗಡಿಯ ಒಂದೊಂದು ಮಾನಿಟರಿನ ನೆತ್ತಿಗೂ ಆಯುಧಪೂಜೆಯ ನಾಮ ಎಳೆದಿತ್ತು. ದೀಪಾವಳಿ ಕಳೆದರೂ ಅಳಿಸಿರಲಿಲ್ಲ.

"ನಿಮ್ಮ ಮನೆದೇವ್ರು ರಂಗಪ್ಪ. ತಲೆಗೆಲ್ಲ ನಾಮ, ಬಾಯಿಗೊಂದಕ್ಕೆ ವಿಭೂತಿ. ಇಂಥ ಪೂಜೆ ಯಾವ ಪೂಜಾರಿ ಹೇಳ್ಕೊಟ್ನಪ್ಪ ನಿಂಗೆ?"

ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ಲಾಯರ್ ಉಷಾರಾಣಿ ಕೈಚೀಲದಿಂದ ಒಂದು ಕರೀ ಫ್ಲಾಪಿ ತೆಗೆದು ಮೇಜಿನ ಮೇಲಿಟ್ಟಳು. ಅದರ ಮೈಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ, ನಡುವೆ ಒಂದು ಕುಂಕುಮದ ಬೊಟ್ಟು.

ಆ ಬೆಳಿಗ್ಗೆ ಅವಳಿಗೆ ಗೊತ್ತಾದದ್ದು ಇಷ್ಟು: ಗುಟ್ಟಿನ ಇ-ಮೇಲ್ ಬಿಚ್ಚಿ ಓದುವ ಅವಳ ಕೀಲಿಯನ್ನು ಯಾರೋ ಸಾಯಿಸಿದ್ದರು, ಮತ್ತು ಆ ಯಾರೋ ಅವಳಲ್ಲ.

ಗಂಗಾಧರಪ್ಪನವರಿಗೆ ಈ ಕೀಲಿ ಪುರಾಣ ಹೊಸದು. ಪೊಲೀಸ್ ವೈರ್‌ಲೆಸ್ಸಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ತಲೆ ನರೆಸಿಕೊಂಡವರು, ರಿಟೈರ್ ಆದಮೇಲೆ ಚಿತ್ರದುರ್ಗದಲ್ಲಿ ಪತ್ತೇದಾರಿ ಬೋರ್ಡು ಹಾಕಿದವರು. ಗುಟ್ಟಿನ ಭಾಷೆ ಗೊತ್ತಿತ್ತು, ಕಂಪ್ಯೂಟರ್ ಗೊತ್ತಿರಲಿಲ್ಲ. ದುರ್ಗದಿಂದ ಬಸ್ಸಿನಲ್ಲಿ ಬರುವಾಗ ಉಷಾರಾಣಿ ಕಿಟಕಿ ಸರಳು ಹಿಡಿದುಕೊಂಡು ಪಾಠ ಮಾಡಿದ್ದಳು.

"ಬೀಗಗಳನ್ನ ಊರಿಗೆಲ್ಲ ಹಂಚ್ತೀನಿ ಅಂದ್ಕಳ್ರಿ ಸರ್. ಯಾರು ಬೇಕಾದ್ರೂ ಕಾಗದನ ಪೆಟ್ಟಿಗೇಲಿಟ್ಟು ನನ್ನ ಬೀಗ ಜಡಿದು ಕಳಿಸಬಹುದು. ತೆಗಿಯೋ ಕೀಲಿ ಮಾತ್ರ ನನ್ನ ಹತ್ರ."

"ಕೀಲಿ ಕಳುವಾದ್ರೆ?"

"ಕೀಲಿಗೂ ಒಂದು ಗುಟ್ಟಿನ ಮಾತು ಐತೆ. ಅದು ಗೊತ್ತಿಲ್ದೆ ಕೀಲಿ ತಿರುಗಲ್ಲ."

"ಆ ಮಾತು ಯಾರಿಗೆ ಗೊತ್ತು?"

"ಯಾರಿಗೂ ಹೇಳಿಲ್ಲ ಸರ್."

"ಸರಿ. ಅದೂ ಗೊತ್ತಾಗಿಬಿಡ್ತು ಅನ್ನು. ಆಮೇಲೆ?"

"ಆಮೇಲೆ ಕೀಲಿನ ಸಾಯಿಸ್ಬೇಕು. ಕೀಲಿ ಮಾಡಿಕೊಂಡ ದಿನಾನೇ ಒಂದು ಸಣ್ಣ ಫೈಲ್ ಬರೆದು ಇಟ್ಕೊಂಡಿರ್ತೀವಿ. ನಾನು ಅದಕ್ಕೆ ಸಾವಿನ ಓಲೆ ಅಂತೀನಿ. ಅದನ್ನ ಎಲ್ಲರ ಬೀಗದ ಪಟ್ಟಿ ಇಟ್ಟಿರೋ ಸರ್ವರಿಗೆ ಕಳಿಸಿದ್ರೆ ಡಂಗುರ ಹೊಡ್ಸಿದಂಗೆ. ಈ ಕೀಲಿ ಸತ್ತೈತೆ, ಇನ್ನು ಇದನ್ನ ನಂಬಬ್ಯಾಡ್ರಿ ಅಂತ. ಒಂದ್ಸಲ ಸತ್ರೆ ಸತ್ತಂಗೇ, ತಿರುಗಿ ಎಬ್ಬಿಸಾಕೆ ಬರಲ್ಲ."

ಗಂಗಾಧರಪ್ಪ ಅವಳ ಕಡೆ ತಿರುಗಿದರು. "ಆ ಓಲೆ ಕಳಿಸಾಕೂ ಗುಟ್ಟಿನ ಮಾತು ಬೇಕೇನಮ್ಮ?"

ಉಷಾರಾಣಿಯ ಮುಖ ಸಪ್ಪಗಾಯಿತು. "ಬೇಡ. ಫೈಲ್ ಕೈಗೆ ಸಿಕ್ಕರೆ ಸಾಕು, ಯಾರು ಬೇಕಾದ್ರೂ ಕಳಿಸಬಹುದು. ಅದಕ್ಕೇ ಅದನ್ನ ಕೀಲಿ ಜೊತೆ ಇಡಬಾರದು, ಬೇರೆ ಕಡೆ ಇಡಬೇಕು ಅಂತ ಮೊದಲನೇ ಪಾಠದಾಗೇ ಹೇಳಿರ್ತಾರೆ."

"ನೀನು ಎಲ್ಲಿಟ್ಟಿದ್ದೆ?"

"ಕೀಲಿ ಜೊತೆ. ಒಂದೇ ಫ್ಲಾಪೀಲಿ."

ಆ ಫ್ಲಾಪಿ ಇದ್ದದ್ದು ದೇವರ ಕೋಣೆಯಲ್ಲಿ. ಆ ಮನೆಯಲ್ಲಿ ಯಾವುದು ಅಮೂಲ್ಯವೋ ಅದರ ಜಾಗ ದೇವರ ಜಗಲಿ ಕೆಳಗಿನ ಮರದ ಪೆಟ್ಟಿಗೆ. ಮಾಂಗಲ್ಯದ ಹಳೇ ಗುಂಡು, ಮಠದಿಂದ ಬಂದ ರುದ್ರಾಕ್ಷಿ, ಮನೆಪತ್ರ ಎಲ್ಲ ಅಲ್ಲೇ. ಸೊಸೆ ಒಂದು ಕರೀ ಬಿಲ್ಲೆ ತಂದು "ಇದು ಬೆಲೆಬಾಳೋದು ಮಾವ" ಅಂದಾಗ, ಮಾವ ಶಿವಕುಮಾರಪ್ಪ ಎರಡನೇ ಪ್ರಶ್ನೆ ಕೇಳದೆ ಅದಕ್ಕೂ ಜಾಗ ಮಾಡಿಕೊಟ್ಟಿದ್ದರು. ಹೈಸ್ಕೂಲ್ ಹೆಡ್‌ಮಾಸ್ಟರಾಗಿ ರಿಟೈರಾದ ಮನುಷ್ಯ. ಆಯುಧಪೂಜೆಯ ದಿನ ಸ್ಕೂಟರಿಗೂ ಕುಡುಗೋಲಿಗೂ ಹಚ್ಚಿದ ಹಾಗೆ ಫ್ಲಾಪಿಗೂ ವಿಭೂತಿ ಹಚ್ಚಿ, ಹೂವೇರಿಸಿ, ಊದುಬತ್ತಿ ಬೆಳಗಿದ್ದರು. ಅವತ್ತಿನಿಂದ ಉಷಾರಾಣಿ ಅದನ್ನು ಮುಟ್ಟಿರಲಿಲ್ಲ. ಅವಳ ಕಂಪ್ಯೂಟರಿನಲ್ಲಿ ಕೀಲಿಯ ಇನ್ನೊಂದು ಪ್ರತಿ ಇತ್ತಲ್ಲ.

ಇವತ್ತು ಪೆಟ್ಟಿಗೆ ತೆಗೆದು ನೋಡಿದರೆ ಪಟ್ಟೆ ತುಂಡಾಗಿತ್ತು. ಫ್ಲಾಪಿಯ ತುದಿಯಲ್ಲಿ ಜಾರುವ ತಗಡಿನ ಬಾಗಿಲಿದೆಯಲ್ಲ, ಅದರ ಮೇಲಿನ ವಿಭೂತಿ ಒಂದು ಕಡೆಗೆ ತಳ್ಳಿಹೋಗಿತ್ತು. ಬಾಗಿಲು ಜಾರಬೇಕಾದರೆ ಫ್ಲಾಪಿ ಯಾವುದಾದರೂ ಕಂಪ್ಯೂಟರಿನ ಬಾಯೊಳಗೆ ಹೋಗಿರಲೇಬೇಕು.

ಈ ತಂತ್ರವನ್ನೆಲ್ಲ ಅವಳಿಗೆ ಕಲಿಸಿದವನು ಕಿರಣ್‌ಕುಮಾರ್. ಅದಕ್ಕೇ ಮೊದಲು ಹೊಳಲ್ಕೆರೆ.

"ಪಾಪಣ್ಣನ ವಿಷಯ ಗೊತ್ತೇನೋ ನಿಂಗೆ?" ಗಂಗಾಧರಪ್ಪ ಈಗ ಕುರ್ಚಿ ಎಳೆದು ಕಿರಣನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತರು.

"ಇಲ್ಲ ಸಾರ್. ಮೇಡಮ್ಮಿಗೆ ಯಾರೋ ಬರೀತಾರೆ ಅಂತ ಮಾತ್ರ ಗೊತ್ತು."

"ಹೊಸದುರ್ಗದ ಕಡೆ ಒಂದು ಗಣೀಲಿ ಲಾರಿ ತೂಕದ ಕಂಪ್ಯೂಟರ್ ನೋಡ್ಕಂತಿದ್ದೋನು. ಗುಂಡಿ ಕುಸಿದು ಇಬ್ರು ಕೂಲಿಯೋರು ಸತ್ರು. ಅಂಥೋರು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಅಂತಾನೆ ಮಾಲೀಕ. ಹೆಣ ಯಾವ ಲಾರೀಲಿ ಹೋದ್ವು ಅಂತ ಕಣ್ಣಾರೆ ಕಂಡೋನು ಪಾಪಣ್ಣ ಒಬ್ನೇ. ಲಾರಿ ನಂಬರ್ ಮಾತ್ರ ಕಾಗದದಾಗೆ ಬರಿಯಲ್ಲ, ಮೇಡಮ್ಮಿಗೆ ಎದುರಾ ಎದುರು ಹೇಳ್ತೀನಿ ಅಂದಿದಾನೆ. ಇವತ್ತು ಅವನ ಜೀವ ಇರೋದು ಆ ಕೀಲಿ ಮೇಲೆ. ಅದನ್ನ ನೀನು ಸಾಯಿಸಿದೀಯ."

ಕಿರಣನ ಕಣ್ಣು ಫ್ಲಾಪಿಯ ಕುಂಕುಮದ ಬೊಟ್ಟಿನ ಮೇಲೆ ನೆಟ್ಟಿತ್ತು.

"ಸಾಯಿಸಿದ್ದು ನಾನೇ ಸಾರ್," ಎಂದ ಕೊನೆಗೆ. "ಆದ್ರೆ ಕದ್ದಿಲ್ಲ."

"ಲೇ, ಹಾಲು ಕುಡಿದಿದ್ದೀನಿ, ಬೆಕ್ಕಲ್ಲ ಅಂತೀಯಾ?"

"ಇಲ್ಲಿಗೆ ಒಬ್ರು ತಂದ್ರು. ಇದ್ರಾಗೆ ಮೇಡಂ ಕೀಲಿ ಐತೆ, ಇದನ್ನ ಇವತ್ತೇ ನಿಲ್ಲಿಸ್ಬೇಕು, ಹೆಂಗೆ ಅಂದ್ರು. ಗುಟ್ಟಿನ ಮಾತಿಲ್ದೆ ಏನೂ ಬಿಚ್ಚಾಕಾಗಲ್ಲ ಅಂದೆ. ಒಳಗೆ ನೋಡಿದ್ರೆ ಸಾವಿನ ಓಲೆ ಪಕ್ಕದಾಗೇ ಇತ್ತು. ಇದನ್ನ ಕಳಿಸಿದ್ರೆ ಕೀಲಿ ಸಾಯ್ತೈತೆ ಅಂದೆ. ಕಳಿಸು ಅಂದ್ರು."

"ಯಾರು?"

"ಹೇಳಲ್ಲ ಸಾರ್."

"ಯಾರೋ ಅದು?" ಉಷಾರಾಣಿ ಎದ್ದು ನಿಂತಳು. ಕೋರ್ಟಿನಲ್ಲಿ ಎಂದೂ ಏರದ ದನಿ ಏರಿತ್ತು. "ನಾನು ನಿನ್ನ ನಂಬಿದ್ದೆ, ಕಿರಣ್. ಅಕ್ಷರಾಭ್ಯಾಸ ಮಾಡ್ಸಿದೋನು ಅಂತ ಗೌರವ ಇಟ್ಕೊಂಡಿದ್ದೆ."

ಅವನ ಕಣ್ಣಲ್ಲಿ ನೀರು ಬಂತು. "ಬೈರಿ ಮೇಡಂ, ಹೊಡೀರಿ ಬೇಕಾದ್ರೆ. ಹೇಳಿದ್ರೆ ಒಂದು ಮನೆ ಒಡೀತೈತೆ. ಆ ಪಾಪ ನಂಗೆ ಬ್ಯಾಡ. ದೇವರ ಮೇಲೆ ಆಣೆ ಹಾಕ್ಸಿಕೊಂಡಿದಾರೆ."

ಗಂಗಾಧರಪ್ಪನವರಿಗೆ ಅವನ ಮೇಲಿದ್ದ ಸಿಟ್ಟು ಇಳಿಯಿತು. ಕಿಟಕಿಯ ಹತ್ತಿರ ಹೋಗಿ ನಿಂತು ಕೆಳಗೆ ನೋಡಿದರು. ಬೆಳಗಿನಿಂದ ಒಂದು ಲೆಕ್ಕ ತಪ್ಪುತ್ತಿತ್ತು, ಅದು ಈಗ ಕೈಗೆ ಸಿಗತೊಡಗಿತ್ತು.

"ಉಷಮ್ಮ, ನಮ್ಮ ವೈರ್‌ಲೆಸ್ ಸರ್ವೀಸಿನಾಗೆ ಒಂದು ಪಾಠ ಐತೆ. ನಮ್ಮ ಗುಟ್ಟಿನ ಭಾಷೆನ ಕಳ್ಳ ಒಡೆದ ಅನ್ನು. ಅವನು ಏನು ಮಾಡ್ತಾನೆ?"

"ಏನು ಮಾಡ್ತಾನೆ?"

"ಏನೂ ಮಾಡಲ್ಲ. ತುಟಿ ಪಿಟಕ್ಕನ್ನದೆ ಕೇಳ್ತಾ ಕುಂತ್ಕಂತಾನೆ. ಭಾಷೆ ಬದಲಾಯ್ಸಬಾರದು ಅಂತ ಹರಕೆ ಹೊರ್ತಾನೆ. ನಿನ್ನ ಕಾಗದ ಓದೋ ಕಳ್ಳ ನಿನ್ನ ಕೀಲಿ ನೂರು ವರ್ಷ ಬದುಕಲಿ ಅಂತಾನೇ ಹೊರತು ಸಾಯಿಸಲ್ಲ."

ಉಷಾರಾಣಿ ಮೆಲ್ಲಗೆ ಕುಳಿತಳು. "ಹಾಗಾದ್ರೆ ಸಾಯಿಸ್ದೋರು..."

"ಕಳ್ಳ ಅಲ್ಲ. ಕಳ್ಳನ್ನ ಕಂಡೋರು. ಅವನ ಹೆಸರು ಹೇಳಾಕಾಗದೆ ಬಾಗಿಲು ಹಾಕಿದೋರು."

ಹೇಳಿಬಿಟ್ಟರೇನೋ ನಿಜ, ಆದರೆ ಆ ಮಾತು ಅವರಿಗೇ ಪೂರ್ತಿ ಹಿಡಿಸಲಿಲ್ಲ. ಕಳ್ಳನನ್ನು ಕಂಡವರು ಹೆಸರು ಹೇಳಲು ಯಾಕೆ ಹಿಂಜರಿಯಬೇಕು? ಹೊರಗಿನ ಕಳ್ಳನಾದರೆ ಕೂಗಿ ಹೇಳುತ್ತೇವೆ. ನಮ್ಮ ಪೈಕಿಯವನಾದರೆ ಮಾತ್ರ ಬಾಯಿ ಕಟ್ಟುತ್ತದೆ.

"ಇನ್ನೊಂದು ವಿಷಯ ಐತೆ ಸಾರ್," ಎಂದ ಕಿರಣ್. ಕಂಪ್ಯೂಟರಿನ ಮುಂದೆ ಕುಳಿತು ಇಂಟರ್‌ನೆಟ್ ಜೋಡಿಸಿದ. ಮೋಡೆಮ್ಮು ಕಿರುಚಿ, ಗೊರಗುಟ್ಟಿ, ಕೊನೆಗೆ ಸುಮ್ಮನಾಯಿತು. ಪರದೆಯ ಮೇಲೆ ಸರ್ವರಿನ ಪುಟ ಸಾಲುಸಾಲಾಗಿ ಇಳಿಯಿತು. ಉಷಾರಾಣಿಯ ಹೆಸರು, ಪಕ್ಕದಲ್ಲಿ ರದ್ದಾಗಿದೆ ಎಂಬ ಗುರುತು. ಅದರ ಕೆಳಗೆ ಮತ್ತೆ ಅವಳದೇ ಹೆಸರು. ಗುರುತಿಲ್ಲ, ಹೊಚ್ಚ ಹೊಸ ಕೀಲಿ.

"ಇದು ನನ್ನದಲ್ಲ," ಎಂದಳು ಉಷಾರಾಣಿ.

"ಬರಿಯೋರಿಗೆ ಒಂದು ದಾರಿ ಬೇಕಲ್ಲಪ್ಪ, ಹಳೇದು ಸತ್ರೆ ಆ ಮನುಷ್ಯ ನಡುನೀರಾಗೆ ನಿಂತ್ಕಂತಾನೆ ಅಂದ್ರು. ಅವರ ಮಾತಿನ ಮೇಲೆ ನಾನೇ ಮಾಡಿಕೊಟ್ಟೆ. ಮೇಡಂ ಹೆಸರಿನಾಗೆ. ತಪ್ಪು, ಗೊತ್ತು."

"ತಪ್ಪಲ್ಲೋ, ಮೋಸ! ಹೆಸರು ಯಾರು ಬೇಕಾದ್ರೂ ಬರ್ಕೋಬಹುದು ಅಂತ ನೀನೇ ಹೇಳ್ಕೊಟ್ಟಿದ್ದು. ಹೆಸರು ನೋಡಿ ಕೀಲಿ ನಂಬಬ್ಯಾಡ್ರಿ, ಬೆರಳಚ್ಚು ನೋಡಿ ನಂಬ್ರಿ ಅಂತ."

"ಕೀಲಿಗೂ ಬೆರಳಚ್ಚು ಐತೇನಮ್ಮ?" ಗಂಗಾಧರಪ್ಪ ಹುಬ್ಬೇರಿಸಿದರು.

"ಒಂದುದ್ದ ಅಂಕಿ ಅಕ್ಷರದ ಸಾಲು ಸರ್. ಒಂದು ಕೀಲಿದು ಇನ್ನೊಂದಕ್ಕೆ ಬರಲ್ಲ. ಹೊಸ ಕೀಲಿ ಬಂದ್ರೆ ನನಗೆ ಫೋನ್ ಮಾಡು, ನನ್ನ ಬಾಯಿಂದ ಆ ಸಾಲು ಕೇಳು, ತಾಳೆಯಾದ್ರೆ ಮಾತ್ರ ನಂಬು ಅಂತ ಪಾಪಣ್ಣಂಗೆ..."

ಮಾತು ಅಲ್ಲೇ ನಿಂತಿತು.

"ಯಾವ ನಂಬರ್ ಕೊಟ್ಟಿದ್ದೆ?"

"ಮನೇದು. ನಾನು ದಿನಾ ಕೋರ್ಟಿನಾಗಿರ್ತೀನಿ ಸರ್. ಹಗಲು ಫೋನ್ ಎತ್ತೋದು..." ಅವಳು ಕಿರಣನ ಕಡೆ ತಿರುಗಿದಳು. ಅವನು ತಲೆ ತಗ್ಗಿಸಿದ. ಅಷ್ಟು ಸಾಕಿತ್ತು.

"ಮಾವ," ಎಂದಳು.

ಕೆಳಗೆ ಕಂಡಕ್ಟರೊಬ್ಬ ಹೊಸದುರ್ಗ, ಹೊಸದುರ್ಗ ಎಂದು ಕೂಗುತ್ತಿದ್ದ. ವಿಭೂತಿ ಹಚ್ಚಿದ ಕೈಯೇ ಫ್ಲಾಪಿಯನ್ನು ಹೊತ್ತು ಇಲ್ಲಿಯ ತನಕ ಬಂದಿತ್ತು. ಉಷಾರಾಣಿಗೆ ತವರಿನಲ್ಲಿ ತಂದೆಯಿಲ್ಲ. ಮದುವೆಯಾಗಿ ಬಂದ ಮೇಲೆ ಕರೀ ಕೋಟು ಹೊಲಿಸಿಕೊಟ್ಟವರು ಇದೇ ಮಾವ. ಅವರ ಮೇಲೆ ಅನುಮಾನ ಪಡುವುದು ಹೇಗೆಂದೇ ಅವಳಿಗೆ ತಿಳಿಯಲಿಲ್ಲ.

"ಪಾಪಣ್ಣ ಇರೋ ಮನೇಲಿ ಫೋನ್ ಐತಾ?" ಗಂಗಾಧರಪ್ಪ ಕೇಳಿದರು.

"ತಂಗಿ ಮನೆ. ಐತೆ. ಆದ್ರೆ ಅಲ್ಲಿಗೆ ಯಾವತ್ತೂ ಮಾಡಬಾರದು ಅಂತ ನಾನೇ..."

"ಇವತ್ತು ಮಾಡು. ಕಿರಣ, ಇಂಟರ್‌ನೆಟ್ ಕಡಿ, ಲೈನ್ ಬೇಕು."

ಪಾಪಣ್ಣ ಅಡಗಿರುವುದು ಹಿರಿಯೂರು ತಾಲೂಕಿನ ಆದಿವಾಲದಲ್ಲಿ, ತಂಗಿಯ ಮನೆಯಲ್ಲಿ. ಬಸ್ಸಿನಲ್ಲಿ ಉಷಾರಾಣಿ ಅದನ್ನು ಅವರ ಕಿವಿಯಲ್ಲಿ ಹೇಳಿದ್ದಳು, ನಿಮಗೊಬ್ಬರಿಗೇ ಸರ್ ಎಂದು. ಗಂಗಾಧರಪ್ಪನವರೂ ಅದನ್ನು ಯಾರಿಗೂ ಹೇಳಿರಲಿಲ್ಲ. ಬಸ್ಸಿಳಿದ ತಕ್ಷಣ, ಅವಳು ನೀರು ಕುಡಿಯಲು ಹೋಟೆಲಿಗೆ ಹೋದಾಗ, ಕೆಳಗಿನ ಬೂತಿನಿಂದ ಅವಳ ಗಂಡನಿಗೆ ಒಂದು ಫೋನ್ ಹಾಕಿದ್ದರು, ಅಷ್ಟೇ. ಗಂಡನಿಗೆ ಹೇಳುವುದೆಂದರೆ ಹೊರಗೆ ಹೇಳಿದ ಹಾಗಲ್ಲವಲ್ಲ.

ಈ ಕೇಸಿಗೆ ಅವರನ್ನು ಕರೆದವನೇ ಆ ಗಂಡ, ಕಲ್ಲೇಶ್. ಗಣಿಗಳಿಗೆ ಲಾರಿ ಬಿಟ್ಟು ನಾಲ್ಕು ಕಾಸು ಮಾಡಿಕೊಂಡವನು. ಬೆಳಿಗ್ಗೆ ಬುಲೆಟ್ ಮೇಲೆ ಬಂದಿದ್ದ. ಸೈಲೆನ್ಸರ್ ತೂತಾಗಿ, ನಡುನಡುವೆ ಪಟಾಕಿ ಹೊಡೆಯುವ ಬುಲೆಟ್. ಅವನು ಬೀದಿ ತಿರುಗುವ ಮುಂಚೆ ಅದರ ಸದ್ದು ಗಂಗಾಧರಪ್ಪನವರ ಮನೆಗೆ ಬಂದಿತ್ತು. "ನನ್ನ ಹೆಂಡ್ತಿ ಕಂಗಾಲಾಗಿದಾಳೆ ಸಾರ್. ಏನು ಗೊತ್ತಾದ್ರೂ ಮೊದಲು ನಂಗೊಂದು ಫೋನ್ ಹಾಕ್ರಿ," ಎಂದು ಮೊಬೈಲ್ ನಂಬರ್ ಕೊಟ್ಟು, ಟೈರಿನ ಕೆಲಸವಿದೆ ಅಂತ ಹಿರಿಯೂರಿಗೆ ಹೋಗಿದ್ದ. ಹಿರಿಯೂರಿಗೆ ಆದಿವಾಲ ಕೂಗಳತೆ. ಅಲ್ಲೇ ಇದೀರಲ್ಲ, ಪಾಪಣ್ಣನ ಕಾವಲಿಗೆ ಒಂದಿಬ್ರನ್ನ ಕಳಿಸ್ರಿ ಎಂದು ಗಂಗಾಧರಪ್ಪನವರೇ ಸಲಹೆ ಕೊಟ್ಟಿದ್ದರು. ಒಳ್ಳೆ ಕೆಲಸ ಮಾಡಿದೆ ಅಂತ ಆಮೇಲೆ ಒಂದು ಬೀಡಿ ಕೂಡ ಹಚ್ಚಿದ್ದರು.

ಉಷಾರಾಣಿ ನಂಬರ್ ಒತ್ತಿದಳು. ಕಿರಣ್ ಸ್ಪೀಕರ್ ಗುಂಡಿ ಅದುಮಿದ. ಆ ಕಡೆ ಗಂಟೆ ಹೊಡೆಯಿತು, ಯಾರೋ ಎತ್ತಿದರು. ಮೊದಲು ಕೇಳಿಸಿದ್ದು ಗಂಟಲು ಸರಿಮಾಡಿಕೊಂಡ ಸದ್ದು. ತರಗತಿಗೆ ಕಾಲಿಡುವ ಮೇಷ್ಟರ ಕೆಮ್ಮು.

"ಹಲೋ."

ಅವಳ ಕೈ ಬಾಯಿಗೆ ಹೋಯಿತು. "ಮಾವ? ನೀವು ಅಲ್ಲಿ?"

"ಉಷಾ, ಗಾಬರಿ ಆಗಬ್ಯಾಡ ಮಗಾ. ಪಾಪಣ್ಣ ಹುಷಾರಾಗಿದಾನೆ. ಇಲ್ಲೇ ಅಂಗಿ ತೊಟ್ಕಂತಿದಾನೆ. ನಿನ್ನೆ ಮನೆಗೆ ಫೋನ್ ಮಾಡಿ ಒಂದೊಂದೇ ಅಂಕಿ ತಾಳೆ ನೋಡಿದ, ಪಾಪ. ಕಿರಣ ಬರೆಸಿದ್ದನ್ನ ನಾನೇ ಓದಿ ಹೇಳ್ದೆ. ನಿಮ್ಮ ಲಾಯರಮ್ಮನ ಮಾವ ಕಣಪ್ಪ ಅಂದೆ. ನಂಬಿ ಊರ ಹೆಸರು ಹೇಳಿದ. ಇವನ್ನ ಇಲ್ಲಿಂದ ಬೇರೆ ಕಡೆ ಕರ್ಕೊಂಡ್ ಹೋಗಾಣ ಅಂತ ಬಂದೆ."

"ನನಗೆ ಯಾಕೆ ಹೇಳಲಿಲ್ಲ?"

ಮುದುಕರ ದನಿ ತಗ್ಗಿತು.

"ಬಾಗೂರಜ್ಜಿ ಬೆಳ್ಳಿ ಡಾಬು ಬಾವಿಗೆ ಬಿತ್ತು. ಇದು ನಿನ್ನ ಕೀಲಿ ಮಾತು, ಹೌದೋ ಅಲ್ವೋ?"

ಉಷಾರಾಣಿಯ ಮುಖದ ಬಣ್ಣ ಹೋಯಿತು. ಅಜ್ಜಿಯ ಊರು ಬಾಗೂರು. ಡಾಬು ಬಾವಿಗೆ ಬಿದ್ದ ದಿನ ಮನೆಮಂದಿಯೆಲ್ಲ ಅತ್ತದ್ದು, ಅಜ್ಜಿಯೊಬ್ಬಳು ನಕ್ಕದ್ದು, ಅದು ಅವಳ ಬಾಲ್ಯದ ಗುಟ್ಟು. ಯಾರಿಗೂ ಗೊತ್ತಿರದ ಮಾತಾಗಬೇಕು ಅಂತಲೇ ಆರಿಸಿಕೊಂಡಿದ್ದಳು.

"ನಿಮಗೆ ಯಾರು ಹೇಳಿದ್ರು ಮಾವ?"

"ನಮ್ಮನೇ ಹಿತ್ತಲಾಗೆ ನಿಂತ್ಕಂಡು ಮೊಬೈಲಿನಾಗೆ ಯಾರಿಗೋ ಒಂದೊಂದೇ ಅಕ್ಷರ ಬಿಡ್ಸಿ ಹೇಳ್ತಿದ್ದ. ಕೀಲಿನೂ ನಿನ್ನ ಕಂಪ್ಯೂಟರಿಂದ ಇಳಿಸಿಕೊಂಡಾಗೈತೆ, ಲಾರಿ ವಿಷಯ ಬಾಯಿಬಿಡೋ ಮುಂಚೆ ಆಸಾಮಿನ ಹುಡುಕ್ರಿ ಅಂದ. ನಾನು ಬಾಗಿಲ ಹಿಂದೆ ನಿಂತಿದ್ದೆ ಮಗಾ. ಹೊಟ್ಟೇಲಿ ಹುಟ್ಟಿದೋನನ್ನ ಹೆಂಗೆ ಹಿಡ್ಕೊಡ್ಲಿ, ನಿನ್ನ ಮುಂದೆ ಹೆಂಗೆ ಹೇಳ್ಲಿ? ಕೀಲಿ ಸತ್ರೆ ಎಲ್ಲ ನಿಲ್ತೈತೆ ಅಂದ್ಕಂಡೆ."

ಉಷಾರಾಣಿ ಅಳಲಿಲ್ಲ. ಫೋನಿನ ತಂತಿಯನ್ನು ಬೆರಳಿಗೆ ಸುತ್ತುತ್ತಾ ನಿಂತಳು. ಯಾರಿಗೂ ಹೇಳಿಲ್ಲ ಎಂದದ್ದು ಸುಳ್ಳಾಗಿರಲಿಲ್ಲ. ಒಂದು ದಿನ ಊಟ ಬಡಿಸುವಾಗ ನಗುನಗುತ್ತಾ ಅಜ್ಜಿಯ ಕತೆ ಹೇಳಿ, ಅದನ್ನೇ ಕೀಲಿಗೆ ಇಟ್ಟಿದ್ದೀನಿ ಕಣ್ರಿ ಎಂದಿದ್ದಳು. ಗಂಡನನ್ನು ಯಾರೋ ಎಂದು ಲೆಕ್ಕ ಹಿಡಿಯುವುದು ಅವಳಿಗೆ ತೋಚಿರಲಿಲ್ಲ.

ಗಂಗಾಧರಪ್ಪನವರಿಗೂ ತೋಚಿರಲಿಲ್ಲ. ಬೂತಿನ ಗಾಜಿನ ಬಾಗಿಲು, ಕೈಯಲ್ಲಿದ್ದ ನಂಬರಿನ ಚೀಟಿ, ಆ ಕಡೆಯಿಂದ ಬಂದ "ಆದಿವಾಲನಾ ಸಾರ್? ಭಾಳ ಉಪಕಾರ ಆಯ್ತು" ಎಂಬ ಮಾತು, ಎಲ್ಲ ಒಟ್ಟಿಗೆ ನೆನಪಾದವು. ಬೇಲಿಯೇ ಎದ್ದು ಹೊಲ ಮೇಯುತ್ತಿದ್ದರೆ, ದಾರಿ ತೋರಿಸಿದವರು ತಾವು.

ಅವರು ಫೋನಿನತ್ತ ನುಗ್ಗಿದರು. "ಮೇಷ್ಟ್ರೇ, ನಾನು ಗಂಗಾಧರಪ್ಪ. ಮಾತು ಸಾಕು. ಈಗಿಂದೀಗ್ಲೇ ಹಿಂದಿನ ಬಾಗಿಲಿಂದ ಪಾಪಣ್ಣನ್ನ ಕರ್ಕೊಂಡು ಹೊರಡ್ರಿ. ನಾನು ಒಂದು ತಪ್ಪು..."

"ಒಂದು ನಿಮಿಷ," ಎಂದರು ಶಿವಕುಮಾರಪ್ಪ. "ಬೀದೀಲಿ ಯಾರೋ ಬಂದಂಗಾಯ್ತು."

ಸ್ಪೀಕರಿನೊಳಗಿಂದ ಸದ್ದು ತೇಲಿ ಬಂತು. ಮೊದಲು ದೂರ, ಆಮೇಲೆ ಹತ್ತಿರ. ಗುಡುಗುಡು, ನಡುವೆ ಪಟಾಕಿಯಂಥ ಒಂದು ಪಟ್ಟು, ಮತ್ತೆ ಗುಡುಗುಡು. ಆದಿವಾಲದ ಆ ಮನೆಯ ಮುಂದೆ ಬಂದು ಅದು ನಿಂತಿತು.

ಹೊಳಲ್ಕೆರೆಯ ಮಹಡಿಯ ಮೇಲೆ ಉಷಾರಾಣಿ ಕಣ್ಣು ಮುಚ್ಚಿಕೊಂಡಳು. ದಿನಾ ಸಂಜೆ ಆ ಸದ್ದು ಕೇಳಿಯೇ ಅವಳು ಗಂಡನಿಗೆ ಕಾಫಿಗೆ ನೀರಿಡುತ್ತಿದ್ದಳು.